ಫೀಸಿನ ಮಾತು ಆಮೇಲೆ

ಕುಶಲೋಪರಿ ಬೇಗ ಮುಗಿಯಿತು. ಕಂಪನಿಯ ಮುಖ್ಯಸ್ಥರು ಸಿಬ್ಬಂದಿ ರಚನೆಯ ನಕ್ಷೆಯೊಂದನ್ನು ನನ್ನ ಕಡೆ ಸರಿಸಿದರು. ಅದರಲ್ಲಿ ಉತ್ಪಾದನೆ ಮತ್ತು ಮಾರಾಟದ ಮ್ಯಾನೇಜರುಗಳ ಹೆಸರಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿತ್ತು.

"ಇವರಿಬ್ಬರಿಗೂ ಆಗಿಬರೋದಿಲ್ಲ. ಹೊಸ ವ್ಯವಸ್ಥೆ ಮುಂದಕ್ಕೆ ಹೋಗದೆ ಇರೋದಕ್ಕೆ ಇವರೇ ಕಾರಣ. ತರಬೇತಿ ಗಿರಬೇತಿ ಕೊಟ್ಟು ಸರಿಮಾಡಿ. ನಿಮ್ಮ ಫೀಸು ಎಷ್ಟು ಹೇಳಿ."

ಕಂಪನಿಗಳಲ್ಲಿ ಕೆಲಸದ ರೀತಿ ಬದಲಿಸಲು ನೆರವಾಗುವ ನನ್ನಂಥ ಸಲಹೆಗಾರನಿಗೆ ಈ ಮಾತು ಹೊಸದಲ್ಲ. ರೋಗವನ್ನೂ ಔಷಧವನ್ನೂ ಅವರೇ ನಿರ್ಧರಿಸಿಕೊಂಡು, ಚುಚ್ಚುವುದಕ್ಕೆ ಮಾತ್ರ ನಮ್ಮನ್ನು ಕರೆಯುತ್ತಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಡ್ಗರ್ ಶೈನ್ 1969ರಲ್ಲೇ ಸಲಹೆಗಾರರನ್ನು ಬಳಸಿಕೊಳ್ಳುವ ಬಗೆಗಳನ್ನು ವಿಂಗಡಿಸಿ ತೋರಿಸಿದ್ದರು: ಪರಿಣತಿಯನ್ನು ಕೊಂಡುಕೊಳ್ಳುವುದು ಒಂದು, ವೈದ್ಯರ ಮುಂದೆ ಕೂತಂತೆ ಕೂರುವುದು ಇನ್ನೊಂದು, ಸಮಸ್ಯೆ ಯಾವುದೆಂದು ಇಬ್ಬರೂ ಸೇರಿ ಹುಡುಕುವುದು ಮೂರನೆಯದು. ಮೂರನೆಯದಕ್ಕೆ ಒಪ್ಪಿಸುವುದೇ ಮೊದಲ ಭೇಟಿಯ ಅಸಲಿ ಕೆಲಸ.

"ಇವರಿಬ್ಬರ ವರ್ಷದ ಗುರಿ ನಿಗದಿ ಮಾಡೋದು ಯಾರು, ಸರ್?"

"ನಾನೇ."

ಕೇಳುತ್ತಾ ಹೋದೆ. ಉತ್ಪಾದನೆಯವರಿಗೆ ಖರ್ಚು ಇಳಿಸಿದರೆ ಬೋನಸ್. ಹಾಗಾಗಿ ಒಂದೇ ಮಾಲನ್ನು ದೊಡ್ಡ ಪ್ರಮಾಣದಲ್ಲಿ ಒಟ್ಟಿಗೆ ಮಾಡುವುದು ಅವರಿಗೆ ಲಾಭ. ಮಾರಾಟದವರಿಗೆ ಗ್ರಾಹಕ ಕೇಳಿದ್ದನ್ನು ಕೇಳಿದ ದಿನ ತಲುಪಿಸಿದರೆ ಬೋನಸ್. ಅವರಿಗೆ ಬೇಕಾದದ್ದು ಸಣ್ಣ ಸಣ್ಣ ಆರ್ಡರು. ಇಬ್ಬರ ಗುರಿಯ ಹಾಳೆಯ ಮೇಲೂ ಮುಖ್ಯಸ್ಥರದೇ ಸಹಿ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವರಿಗೇ ಹೊಳೆದಿರಬೇಕು, ಪೆನ್ನಿನ ಮುಚ್ಚಳ ಹಾಕಿ, "ಅದೂ ಒಂದು ಇದೆ ಅನ್ನಿ" ಎಂದರು.

ಹಗ್ಗಜಗ್ಗಾಟ ಶುರುವಾದದ್ದು ಗೋಪ್ಯತೆಯ ವಿಷಯಕ್ಕೆ. ಸಿಬ್ಬಂದಿಯನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸಬೇಕು ಎಂದೆ. ಮಾತನಾಡಿಸಿ, ಆದರೆ ಯಾರು ಏನು ಹೇಳಿದರು ಅಂತ ನನಗೆ ಗೊತ್ತಾಗಬೇಕು, ದುಡ್ಡು ಕೊಡೋನು ನಾನಲ್ಲವೇ ಎಂದರು. ಕೆಟ್ಟ ಉದ್ದೇಶದಿಂದ ಕೇಳಿದ್ದಲ್ಲ, ತನ್ನ ಬಗ್ಗೆ ಏನು ಬರುತ್ತದೋ ಎಂಬ ಅಳುಕು. "ಹೇಳಿದ್ದು ನಿಮಗೆ ಗೊತ್ತಾಗುತ್ತೆ ಸರ್, ಹೇಳಿದವರು ಗೊತ್ತಾಗೋದಿಲ್ಲ" ಎಂದೆ. ಹೆಸರು ಮರೆಮಾಚಿದರಷ್ಟೇ ಸಾಲದು. ಲೆಕ್ಕಪತ್ರ ವಿಭಾಗದಲ್ಲಿದ್ದವರು ನಾಲ್ಕೇ ಜನ. 'ಲೆಕ್ಕಪತ್ರದವರೊಬ್ಬರು' ಎಂದು ಬರೆದರೆ ಸಂಜೆಯೊಳಗೆ ಆಸಾಮಿ ಯಾರೆಂದು ಪತ್ತೆಯಾಗುತ್ತದೆ. ಆದ್ದರಿಂದ ಹಲವರ ಬಾಯಲ್ಲಿ ಬಂದದ್ದು ಮಾತ್ರ ವರದಿಗೆ, ವಿಭಾಗದ ಹೆಸರೂ ಇಲ್ಲ. ಒಂದೇ ವಿನಾಯಿತಿ: ವಂಚನೆಯೋ ಜೀವಕ್ಕೆ ಅಪಾಯವೋ ಕಂಡರೆ ನಾನು ಮುಚ್ಚಿಡುವುದಿಲ್ಲ, ಇದನ್ನು ಸಿಬ್ಬಂದಿಗೂ ಮೊದಲೇ ಹೇಳಿರುತ್ತೇನೆ. ಅವರು ಒಪ್ಪಲು ಬಹಳ ಹೊತ್ತು ತೆಗೆದುಕೊಂಡರು. ಒಪ್ಪದಿದ್ದರೆ ನಾನು ಎದ್ದು ಬರುತ್ತಿದ್ದೆ. ಹೆಸರು ಸೋರುತ್ತದೆ ಎಂದು ಗೊತ್ತಾದ ಮೇಲೆ ನಿಜ ಹೇಳುವವರು ಯಾರೂ ಇರುವುದಿಲ್ಲ.

ಉಳಿದದ್ದು ಸಲೀಸಾಗಿ ಮುಗಿಯಿತು. ವಾರಕ್ಕೊಮ್ಮೆ ಅವರೇ ಖುದ್ದು ಸಮಯ ಕೊಡಬೇಕು, ಬದಲಿ ಕಳಿಸುವಂತಿಲ್ಲ. ಅವರಿಗಾಗಲಿ ನನಗಾಗಲಿ ಬೇಡವೆನಿಸಿದರೆ ನೋಟಿಸ್ ಕೊಟ್ಟು ನಿಲ್ಲಿಸಬಹುದು. ಫೀಸಿನ ಮಾತು ಎರಡು ನಿಮಿಷವೂ ಹಿಡಿಯಲಿಲ್ಲ. ಯಾರೇನು ಮಾಡಬೇಕೆಂಬುದು ತೀರ್ಮಾನವಾದ ಮೇಲೆ ಚೌಕಾಸಿಗೆ ಉಳಿಯುವುದು ಕಡಿಮೆ.

ನನ್ನನ್ನು ಈ ಕಂಪನಿಗೆ ಕರೆಸಿದ್ದು ಎಚ್‌ಆರ್ ಮುಖ್ಯಸ್ಥೆ. ಅಷ್ಟು ಹೊತ್ತೂ ಟಿಪ್ಪಣಿ ಬರೆದುಕೊಳ್ಳುತ್ತಾ ಸುಮ್ಮನೆ ಕೂತಿದ್ದವರು ಲಿಫ್ಟಿನವರೆಗೂ ಜೊತೆಗೆ ಬಂದರು. "ವರದಿ ಸಾಹೇಬರಿಗೆ ಹೋಗೋ ಮೊದಲು ನನಗೊಂದು ಸಲ ತೋರಿಸ್ತೀರಲ್ವಾ?"

ಅವರ ಪಾಡೂ ನನಗೆ ಅರ್ಥವಾಗುತ್ತಿತ್ತು. ವರದಿ ಕಹಿಯಾದರೆ ಮೊದಲು ಏಟು ಬೀಳುವುದು ನನ್ನನ್ನು ಕರೆತಂದವರಿಗೇ. ಹಾಗೆಂದು ಗುಟ್ಟಾಗಿ ಹೂಂ ಎನ್ನುವಂತಿರಲಿಲ್ಲ. "ಇಬ್ಬರಿಗೂ ಒಂದೇ ದಿನ, ಒಂದೇ ಕೋಣೆಯಲ್ಲಿ ತೋರಿಸೋಣ ಮೇಡಂ. ಒಪ್ಪಂದದ ಪತ್ರದಲ್ಲೇ ಸೇರಿಸ್ತೀನಿ."

ಅವರು ಒಂದು ಕ್ಷಣ ಯೋಚಿಸಿ, "ಸೇರಿಸಿ, ಆದರೆ ನಾನು ಕೇಳಿದೆ ಅಂತ ಬರೀಬೇಡಿ" ಎಂದರು. ಆ ಸಂಜೆಯೇ ಪತ್ರ ಕಳಿಸಿದೆ, ಅವರ ಹೆಸರೆತ್ತದೆ.