ಮಗುವಿನ ತೂಕ ಎಷ್ಟು?

ಊರಿಗೆ ಹೋದಾಗೆಲ್ಲ ಅದೇ ಪ್ರಶ್ನೆ. "ಹಾರ್ಟ್ ಆಸ್ಪತ್ರೆಲಿದೀಯಂತೆ, ಡಾಕ್ಟ್ರಾ?" ಅಲ್ಲ. "ಮತ್ತೆ ನರ್ಸಾ?" ಅದೂ ಅಲ್ಲ. ಪರ್ಫ್ಯೂಷನಿಸ್ಟ್ ಅಂದರೆ ತಿಪಟೂರಿನ ನಮ್ಮ ಬೀದಿಯಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಈಗ ಬೇರೆ ಥರ ಹೇಳುತ್ತೇನೆ: "ಆಪರೇಷನ್ ಹೊತ್ತಲ್ಲಿ ಹಾರ್ಟ್ ನಿಲ್ಲಿಸ್ತಾರಲ್ಲ, ಆಗ ರಕ್ತ ಓಡಿಸೋ ಮೆಷಿನ್ ನಡೆಸೋಳು ನಾನು." ಅಮ್ಮ ಪಕ್ಕದಿಂದ "ಅದೂ ಪುಟ್ಟ ಮಕ್ಕಳಿಗಂತೆ" ಎಂದು ಸೇರಿಸುತ್ತಾಳೆ.

ನಾನಿರುವುದು ಬೆಂಗಳೂರಿನ ಒಂದು ಆಸ್ಪತ್ರೆಯ ಮಕ್ಕಳ ಹೃದಯ ವಿಭಾಗದಲ್ಲಿ. ಬೆಳಗ್ಗೆ ಓಟಿ ಲಿಸ್ಟ್, ಅಂದರೆ ಆವತ್ತಿನ ಆಪರೇಷನ್‌ಗಳ ಪಟ್ಟಿ, ಕೈಗೆ ಬಂದರೆ ನಾನು ಹೆಸರಿಗಿಂತ ಮೊದಲು ನೋಡುವುದು ತೂಕ. 3.2 ಕೆಜಿ. 4.1 ಕೆಜಿ. 11 ಕೆಜಿ. ಯಾವ ಸೈಜಿನ ಕೊಳವೆ, ರಕ್ತಕ್ಕೆ ಆಮ್ಲಜನಕ ಸೇರಿಸುವ ಆಕ್ಸಿಜನೇಟರ್ ಯಾವುದು, ನಿಮಿಷಕ್ಕೆ ಎಷ್ಟು ಎಂಎಲ್ ರಕ್ತ ಓಡಿಸಬೇಕು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಷ್ಟು, ಎಲ್ಲಾ ಲೆಕ್ಕ ಶುರುವಾಗುವುದು ಅಲ್ಲಿಂದಲೇ.

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಮೆಷಿನ್ನಿನ ಕೊಳವೆಗಳನ್ನು ಒಂದು ಲೀಟರಿಗೂ ಜಾಸ್ತಿ ಸಲೈನ್‌ನಿಂದ ತುಂಬಿಸಿ ಶುರು ಮಾಡಿದರೂ ಅವರು ತಡೆದುಕೊಳ್ಳುತ್ತಾರೆ. ಆದರೆ 3 ಕೆಜಿ ಕೂಸಿನ ಮೈಯಲ್ಲಿ ಇರುವ ರಕ್ತವೆಲ್ಲ ಸೇರಿ ಸುಮಾರು ಕಾಲು ಲೀಟರ್. ಅತಿ ಚಿಕ್ಕ ಕೊಳವೆ ಹಾಕಿದರೂ ಮೆಷಿನ್ ತುಂಬಲು ಹೆಚ್ಚುಕಡಿಮೆ ಅಷ್ಟೇ ಬೇಕಾಗುತ್ತದೆ. ಬರೀ ಸಲೈನ್ ತುಂಬಿಸಿದರೆ ಇದ್ದ ಸಾರಿಗೆ ಅಷ್ಟೇ ನೀರು ಸುರಿದ ಹಾಗೆ. ಅದಕ್ಕೇ ಕೂಸುಗಳಿಗೆ ಮೆಷಿನ್ನಿಗೂ ರಕ್ತ ಹಾಕಿಯೇ ಶುರು ಮಾಡುವುದು. "ಇಷ್ಟು ಸಣ್ಣ ಮಗುವಿಗೆ ಯಾಕಪ್ಪ ಡೋನರ್ ಬೇಕು" ಎಂದು ಕೌಂಟರಿನಲ್ಲಿ ಕೇಳುವ ಚಿಕ್ಕಪ್ಪ, ಮಾವಂದಿರಿಗೆ ಇದೇ ಉತ್ತರ.

ಆಮೇಲೆ ಗುಳ್ಳೆ. ಪ್ರೈಮ್ ಮಾಡುವಾಗ, ಅಂದರೆ ಮೆಷಿನ್ ತುಂಬಿಸುವಾಗ, ಕೊಳವೆಯ ಒಂದೊಂದು ಜಾಯಿಂಟನ್ನೂ ಬೆರಳಲ್ಲಿ ತಟ್ಟಿ ತಟ್ಟಿ ಗಾಳಿ ಹೊರಗೆ ಕಳಿಸುತ್ತೇವೆ. ಹೊಸದಾಗಿ ಸೇರಿದವರಿಗೆ ಇದು ಸುಮ್ನೆ ಕೂತು ತಟ್ಟುವ ಕೆಲಸ ಅನ್ನಿಸುತ್ತದೆ. ಆದರೆ ಗುಳ್ಳೆ ಮಿದುಳಿಗೆ ಹೋದರೆ ಮುಗಿಯಿತಲ್ಲ. ಹೆಪಾರಿನ್ ಕೊಟ್ಟ ಮೇಲೆ ಎಸಿಟಿ ನೋಡುತ್ತೇವೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ. ಅದು 480 ಸೆಕೆಂಡ್ ದಾಟದೆ ಪಂಪ್ ಶುರು ಮಾಡುವಂತಿಲ್ಲ. ಸರ್ಜನ್ "ಗೋ ಆನ್" ಅಂದರೆ ಅದೇ ನಂಬರನ್ನು ಜೋರಾಗಿ ಓದಿ, ಆಮೇಲೆ ಗುಂಡಿ ತಿರುಗಿಸುತ್ತೇನೆ. ಆಪರೇಷನ್ ಮುಗಿದ ಮೇಲೂ ನಮ್ಮ ಕೆಲಸ ಮುಗಿಯಲ್ಲ. ಕೂಸಿನ ಮೈಗೆ ಸೇರಿದ ಜಾಸ್ತಿ ನೀರನ್ನು ಫಿಲ್ಟರ್ ಹಾಕಿ ತೆಗೆಯಬೇಕು, ಇಲ್ಲದಿದ್ದರೆ ಊದಿಕೊಳ್ಳುತ್ತದೆ.

ಈ ಮೆಷಿನ್ ಸರಿಯಾಗಿ ಕೈಗೆ ಬರುವ ಮೊದಲು ಏನು ಮಾಡುತ್ತಿದ್ದರು ಗೊತ್ತಾ? 1954ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಾಲ್ಟನ್ ಲಿಲಹೈ ಎಂಬ ಸರ್ಜನ್, ಮಗುವಿನ ಪಕ್ಕದ ಟೇಬಲ್ ಮೇಲೆ ಅಪ್ಪನನ್ನೋ ಅಮ್ಮನನ್ನೋ ಮಲಗಿಸಿ ಇಬ್ಬರ ರಕ್ತನಾಳಗಳನ್ನೂ ಕೊಳವೆಯಿಂದ ಜೋಡಿಸಿಬಿಟ್ಟರು. ಮಗುವಿನ ಹೃದಯದ ತೂತು ಮುಚ್ಚುವಷ್ಟು ಹೊತ್ತು ಅಪ್ಪನ ಹೃದಯವೇ ಇಬ್ಬರಿಗೂ ದುಡಿಯುತ್ತಿತ್ತು. ಹೀಗೆ 45 ಆಪರೇಷನ್ ನಡೆದವು. ಓದಿದಾಗ ನನಗೆ ಮೈ ಜುಮ್ ಅಂದಿತ್ತು. ಕಾರಿಡಾರಿನಲ್ಲಿ ಕೂತಿರುವ ಅಪ್ಪಂದಿರನ್ನು ನೋಡಿದರೆ, ಇವತ್ತು ಕೇಳಿದರೂ ಬಹಳ ಜನ "ಸರಿ" ಅಂದುಬಿಡುತ್ತಾರೆ ಅನ್ನಿಸುತ್ತದೆ.

ಈಗ ಇದನ್ನೆಲ್ಲ ಯಾಕೆ ಬರೆದೆ ಅಂದರೆ, ಕಳೆದ ತಿಂಗಳು ಒಂದು ಮದುವೆ ಮನೆಯಲ್ಲಿ ದೂರದ ಸಂಬಂಧಿಯೊಬ್ಬರು ಮಗುವನ್ನು ತೋರಿಸಿದರು. ಹಾಲು ಕುಡಿಯುವಾಗ ಹಣೆ ತುಂಬಾ ಬೆವರು. ಎರಡು ಗುಟುಕು, ಏದುಸಿರು, ಮತ್ತೆ ಎರಡು ಗುಟುಕು. ಹೃದಯದ ಸ್ಕ್ಯಾನ್ ಎಕೋದಲ್ಲಿ ದೊಡ್ಡ ವಿಎಸ್‌ಡಿ, ಅಂದರೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು, ಅಂತ ಬಂದಾಗಿತ್ತು. ಆದರೂ ಮನೆಯಲ್ಲೇ ಇಟ್ಟುಕೊಂಡಿದ್ದರು. "ಇನ್ನೂ ನಾಲ್ಕು ಕೆಜಿ ಅಷ್ಟೇ ಅಲ್ವಾ, ತೂಕ ಬರಲಿ, ಆಮೇಲೆ ನೋಡೋಣ." ಹೀಗೆ ಹೇಳಿದ್ದು ಡಾಕ್ಟರಲ್ಲ, ಮನೆಯ ಹಿರಿಯರು.

ತೂಕ ಹೇಗೆ ಬರಬೇಕು? ಆ ತೂತಿನಿಂದ ಶ್ವಾಸಕೋಶಕ್ಕೆ ರಕ್ತ ಜಾಸ್ತಿ ನುಗ್ಗುತ್ತಿರುತ್ತದೆ. ಕುಡಿದ ಹಾಲೆಲ್ಲ ಉಸಿರಾಡುವುದಕ್ಕೇ ಖರ್ಚಾಗುತ್ತದೆ. ತೂಕ ಬರದಿರುವುದೇ ಕಾಯಿಲೆ. ಕಾಯುತ್ತಾ ಕೂತರೆ ಶ್ವಾಸಕೋಶದ ಪ್ರೆಷರ್ ಏರುತ್ತಾ ಹೋಗಿ, ಕೊನೆಗೆ ತೂತು ಮುಚ್ಚುವ ಹಾಗೇ ಇಲ್ಲ ಎನ್ನುವ ಹಂತಕ್ಕೂ ಬರಬಹುದು. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿ ಹುಟ್ಟಿದ ಕೂಸುಗಳಿಗಂತೂ ಸಾಮಾನ್ಯವಾಗಿ ಮೊದಲ ಎರಡು ಮೂರು ವಾರದಲ್ಲೇ ಆಪರೇಷನ್ ಆಗಬೇಕು. ಹಾಗಂತ ಎಲ್ಲರಿಗೂ ಅವಸರ ಇಲ್ಲ. ಸಣ್ಣ ವಿಎಸ್‌ಡಿ ಎಷ್ಟೋ ಸಲ ತಾನಾಗೇ ಮುಚ್ಚಿಕೊಳ್ಳುತ್ತದೆ. ಎಎಸ್‌ಡಿಗೆ, ಅಂದರೆ ಮೇಲಿನ ಎರಡು ಕೋಣೆಗಳ ನಡುವಿನ ತೂತಿಗೆ, ಸಾಮಾನ್ಯವಾಗಿ ಮೂರು ನಾಲ್ಕು ವರ್ಷದವರೆಗೆ ಕಾಯುತ್ತಾರೆ. ಕಾಯಬೇಕೋ ಬೇಡವೋ ಅಂತ ಹೇಳಬೇಕಾದವರು ಮಕ್ಕಳ ಹೃದಯ ತಜ್ಞರು. ದೊಡ್ಡವರಿಗೆ ಸ್ಟೆಂಟ್ ಹಾಕುವ ಆಸ್ಪತ್ರೆಯಲ್ಲೆಲ್ಲ ಅವರು ಸಿಗಲ್ಲ. ಆ ಸಣ್ಣ ಕೊಳವೆಗಳೂ ಇರಲ್ಲ.

ನಮ್ಮ ಪುಣ್ಯಕ್ಕೆ ಬೆಂಗಳೂರಿನಲ್ಲಿ ಜಯದೇವ ಇದೆ, ಬೊಮ್ಮಸಂದ್ರದ ನಾರಾಯಣ ಹೃದಯಾಲಯ ಇದೆ, 2001ರಿಂದ ಪೂರ್ತಿ ಉಚಿತವಾಗಿ ನಡೆಯುತ್ತಿರುವ ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆ ಇದೆ. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಡಾಕ್ಟರುಗಳ ತಂಡ ಮಕ್ಕಳ ಹೃದಯವನ್ನೂ ನೋಡುತ್ತದೆ. ಅವರು ಚೀಟಿ ಬರೆದುಕೊಟ್ಟರೆ ಅದನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿ ಇಡಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಏನು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಿ.

ಮದುವೆ ಮನೆಯ ಆ ಕೂಸಿಗೆ ಆಪರೇಷನ್ ಆಯಿತು, ನಾಲ್ಕು ಚಿಲ್ಲರೆ ಕೆಜಿಯಲ್ಲೇ. ಆವತ್ತಿನ ಪಂಪ್ ನನ್ನದಲ್ಲ, ಪರಿಚಯದವರದ್ದು ಅಂತ ನಾನೇ ಸಹೋದ್ಯೋಗಿಗೆ ಬಿಟ್ಟುಕೊಟ್ಟೆ. ಈಗ ಬಾಟಲಿ ಹಾಲು ಒಂದೇ ಉಸಿರಿಗೆ ಖಾಲಿ ಮಾಡುತ್ತಾನಂತೆ, ತೂಕವೂ ಏರುತ್ತಿದೆ. ಅವರ ಮನೆಗೆ ನಾನು ದಿನಾ ಫೋನ್ ಮಾಡುತ್ತಿರುವುದು ಇನ್ನೊಂದು ವಿಷಯಕ್ಕೆ. ಆಪರೇಷನ್‌ಗೆ ಕತ್ತರಿಸಿದ ಎದೆ ಮೂಳೆ ಕೂಡಿಕೊಳ್ಳುವವರೆಗೆ, ಅಂದರೆ ಸುಮಾರು ಆರು ವಾರ, ಮಗುವನ್ನು ಕಂಕುಳಿಗೆ ಕೈ ಹಾಕಿ ಎತ್ತಬಾರದು. ಒಂದು ಕೈ ತಲೆ, ಬೆನ್ನಿನ ಕೆಳಗೆ, ಇನ್ನೊಂದು ಅಂಡಿನ ಕೆಳಗೆ. ಅಪ್ಪ ಅಮ್ಮ ಇಬ್ಬರೂ ಕಲಿತಿದ್ದಾರೆ. ಅಜ್ಜಿಗೆ ಇನ್ನೂ ಹೇಳುತ್ತಲೇ ಇದ್ದೇನೆ.