ಹಾವಿನ ಪೆಟ್ಟಿಗೆಗೆ ಎಷ್ಟು ವಾಟ್‌ನ ಹೀಟರ್ ಬೇಕು?

ಬಾಲ್ ಪೈಥಾನ್ ಅಥವಾ ಕಾರ್ನ್ ಸ್ನೇಕ್ ಸಾಕುವವರು ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಎಲ್ಲಕ್ಕಿಂತ ಹೆಚ್ಚಾಗಿ ಕೇಳುವುದು ಇದನ್ನೇ. ಒಂದು ಅಂಕಿ ಹೇಳಿ ಮುಗಿಸಬಹುದಿತ್ತು. ಆದರೆ ಅದೇ ಅಂಕಿ ಕಡೂರಿನಲ್ಲಿ ಹಾವನ್ನು ಸುಡಬಹುದು, ಮೂಡಿಗೆರೆಯಲ್ಲಿ ಚಳಿಗೆ ಕೆಡವಬಹುದು. ಮೊದಲು ತರಬೇಕಾದದ್ದು ಬಿಸಿ ಅಳೆದು ಹೀಟರನ್ನು ತಾನೇ ಹತ್ತಿಸಿ ಆರಿಸುವ ಥರ್ಮೋಸ್ಟಾಟ್. ಹೀಟರ್ ಆಮೇಲೆ.

ಅದಕ್ಕೂ ಮುಂಚೆ ಒಂದು ಮಾತು. ನಮ್ಮ ಕೇರೆ, ನಾಗರ, ಹೆಬ್ಬಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಲ್ಲಿ ಬರೆದಿರುವುದು ಅವುಗಳಿಗಲ್ಲ. ಆಫ್ರಿಕಾ ಮೂಲದ ಬಾಲ್ ಪೈಥಾನ್ ಸಾಕುವವರು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿರಬೇಕು.

ಈಗ ಗುರಿ ಏನು ಅಂತ ನೋಡೋಣ. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ತುದಿಯಲ್ಲಿ ನೆಲದ ಮೇಲ್ಮೈ 31ರಿಂದ 33 ಡಿಗ್ರಿ, ಇನ್ನೊಂದು ತುದಿಯಲ್ಲಿ 25ರಿಂದ 27 ಡಿಗ್ರಿ ಇರಬೇಕು. ರಾತ್ರಿ ಎಲ್ಲಿಯೂ 24ಕ್ಕಿಂತ ಕೆಳಗೆ ಇಳಿಯಬಾರದು. ಕಾರ್ನ್ ಸ್ನೇಕ್‌ಗೆ ಬಿಸಿ ಬದಿ 28ರಿಂದ 30, ತಣ್ಣನೆ ಬದಿ 22ರಿಂದ 24 ಸಾಕು. ರಾತ್ರಿ 20ಕ್ಕೆ ಇಳಿದರೂ ತಡೆದುಕೊಳ್ಳುತ್ತದೆ. ಹಾವಿಗೆ ತನ್ನದೇ ಮೈಶಾಖ ಇಲ್ಲ. ಬಿಸಿ ಬೇಕಾದಾಗ ಅತ್ತ, ಸಾಕಾದಾಗ ಇತ್ತ ಸರಿದು ಮೈ ಹದ ಮಾಡಿಕೊಳ್ಳುತ್ತದೆ. ಹಾಗಾಗಿ ಎರಡೂ ಬದಿಯಲ್ಲಿ ಅಡಗಲು ಒಂದೊಂದು ಗೂಡು ಇಡಲೇಬೇಕು. ಒಂದೇ ಗೂಡಿದ್ದರೆ ಹಾವು ಭಯಕ್ಕೆ ಅದರಲ್ಲೇ ಕುಳಿತು ಚಳಿಯನ್ನೋ ಸೆಕೆಯನ್ನೋ ಸಹಿಸುತ್ತದೆ.

ಇನ್ನು ವಾಟ್. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ಟ್ಯಾಂಕ್ ತೆಗೆದುಕೊಳ್ಳಿ. ಆರು ಮುಖ ಸೇರಿ ಸುಮಾರು 2 ಚದರ ಮೀಟರ್. ಬರಿ ಗಾಜಿನ ಮೂಲಕ ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಹತ್ತಿರ ಹತ್ತಿರ 10 ವಾಟ್ ಸೋರಿಹೋಗುತ್ತದೆ. ಡಿಸೆಂಬರ್ ಬೆಳಗಿನ ಜಾವ ಹೆಂಚಿನ ಮನೆಯ ಕೋಣೆ 15 ಡಿಗ್ರಿ, ಪೆಟ್ಟಿಗೆಯೊಳಗೆ ಸರಾಸರಿ 27 ಬೇಕು ಅಂದರೆ 12 ಡಿಗ್ರಿ ಅಂತರ, 120 ವಾಟ್. ಅಂಗಡಿಯವರು ಕೊಡುವ 15-20 ವಾಟ್‌ನ ಹೀಟ್ ಮ್ಯಾಟ್ (ಟ್ಯಾಂಕಿನಡಿ ಅಂಟಿಸುವ, ಬಿಸಿಯಾಗುವ ತೆಳು ಹಾಸು) ಅಲ್ಲಿ ಹೊಟ್ಟೆ ಕೆಳಗಿನ ಒಂದು ಜಾಗವನ್ನಷ್ಟೇ ಬೆಚ್ಚಗೆ ಮಾಡುತ್ತದೆ, ಗಾಳಿಯನ್ನಲ್ಲ.

ಹೀಟರ್ ದೊಡ್ಡದು ಮಾಡುವುದಕ್ಕಿಂತ ಸೋರಿಕೆ ಕಟ್ಟುವುದು ಅಗ್ಗ. ಹಿಂದೆ ಮತ್ತು ಎರಡು ಪಕ್ಕಗಳಿಗೆ ಹೊರಗಿನಿಂದ ಒಂದಿಂಚಿನ ಥರ್ಮೊಕೋಲ್ ಹಚ್ಚಿದರೆ ಸೋರಿಕೆ ಮೂರನೇ ಒಂದರಷ್ಟು ಇಳಿಯುತ್ತದೆ. 120 ವಾಟ್ ಇದ್ದದ್ದು 80ರ ಆಸುಪಾಸಿಗೆ ಬರುತ್ತದೆ. ಮೇಲೆ ಜಾಲರಿ ಮುಚ್ಚಳ ಇದ್ದರೆ ಅದರ ಮುಕ್ಕಾಲು ಭಾಗ ಅಕ್ರಿಲಿಕ್ ಹಾಳೆಯಿಂದ ಮುಚ್ಚಿ, ಹೀಟರ್ ಕೂರುವ ಜಾಗವನ್ನು ಮಾತ್ರ ಬಿಡಿ. ಟ್ಯಾಂಕನ್ನು ರೆಡ್ ಆಕ್ಸೈಡ್ ನೆಲದ ಮೇಲೆ ಇಡಬೇಡಿ, ಹೊರಗೋಡೆಗೆ ಒತ್ತಿಯೂ ಇಡಬೇಡಿ. ಒಳಗೋಡೆಯ ಪಕ್ಕ, ಮೇಜಿನ ಎತ್ತರದಲ್ಲಿರಲಿ. ಇಷ್ಟು ಮಾಡಿದರೆ ಈ ಅಳತೆಗೆ 100 ವಾಟ್‌ನ ಸೆರಾಮಿಕ್ ಹೀಟರ್ (ಬಲ್ಬಿನಂತೆ ಹೋಲ್ಡರಿಗೆ ತಿರುಗಿಸಿ ಹಾಕುವ ಪಿಂಗಾಣಿ ಹೀಟರ್) ಒಂದು, ಜೊತೆಗೆ ಸಣ್ಣ ಮ್ಯಾಟ್ ಒಂದು ಸಾಕು. ಕೊನೆಗೂ ಅಂಕಿ ಕೇಳಿದವರಿಗೆ ಉತ್ತರ ಇದು.

ಸೆರಾಮಿಕ್ ಹೀಟರ್‌ನಲ್ಲಿ ಬೆಳಕಿಲ್ಲ, ರಾತ್ರಿಯಿಡೀ ಉರಿಸಬಹುದು. ಆದರೆ ಅದರ ಮೈ 200 ಡಿಗ್ರಿ ದಾಟುತ್ತದೆ. ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ತಿರುಪಿನ ಪಿಂಗಾಣಿ ಹೋಲ್ಡರ್ ಬೇಕು. ಅದು ಪೆಟ್ಟಿಗೆಯೊಳಗೆ ಇದ್ದರೆ ಸುತ್ತ ತಂತಿಯ ಗೂಡು ಕಡ್ಡಾಯ. ಹಾವು ಬಿಸಿ ವಸ್ತುವನ್ನು ಸುತ್ತಿಕೊಳ್ಳುತ್ತದೆ, ಸುಡುತ್ತಿದ್ದರೂ ಬೇಗ ಬಿಡುವುದಿಲ್ಲ.

ಮ್ಯಾಟ್ ನೆಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆವರಿಸಬಾರದು. ಗಾಜಿನ ಕೆಳಗೆ ಹೊರಗಿನಿಂದ ಅಂಟಿಸಿ, ಟ್ಯಾಂಕಿನ ನಾಲ್ಕು ಮೂಲೆಗೆ ರಬ್ಬರ್ ಕಾಲು ಕೊಟ್ಟು ಐದಾರು ಮಿಲಿಮೀಟರ್ ಎತ್ತರಿಸಿ. ಗಾಳಿ ಆಡದಿದ್ದರೆ ಶಾಖ ಅಲ್ಲೇ ಕಟ್ಟಿಕೊಂಡು ಗಾಜು ಬಿರುಕು ಬಿಡುತ್ತದೆ. ಮ್ಯಾಟ್ ಇರುವ ಕಡೆ ಕೆಳಗೆ ಥರ್ಮೊಕೋಲ್ ಇಡುವಂತಿಲ್ಲ. ಒಳಗೆ ತೆಂಗಿನ ನಾರಿನ ಪುಡಿ ಎರಡು ಸೆಂಟಿಮೀಟರ್ ಮೀರದಿರಲಿ. ದಪ್ಪ ಹಾಕಿದರೆ ಮೇಲೆ ತಣ್ಣಗಿರುತ್ತದೆ, ಹಾವು ಕೊರೆದು ಕೆಳಗಿಳಿದಾಗ ಕಾದ ಗಾಜು ಸಿಗುತ್ತದೆ. ಹೊಟ್ಟೆಯ ಹುರುಪೆ ಕಂದಾಗುವುದು, ಬೊಕ್ಕೆ ಏಳುವುದು ಹೀಗೇ.

ಥರ್ಮೋಸ್ಟಾಟ್ ಎಂದರೆ ದುಬಾರಿ ಅಂತ ಹೆದರಬೇಕಿಲ್ಲ. ಕೋಳಿಮೊಟ್ಟೆ ಇನ್‌ಕ್ಯುಬೇಟರ್‌ಗೆ ಹಾಕುವ ಎಸ್‌ಟಿಸಿ-1000 ಇಲ್ಲಿಗೂ ಆಗುತ್ತದೆ. ಅದರಲ್ಲಿ ತಂತಿ ಜೋಡಿಸುವ ಜಾಗಗಳಿಗೆ ಅಂಕಿ ಇರುತ್ತದೆ: 1, 2 ಕರೆಂಟ್. 3, 4 ಸೆನ್ಸರ್. 5, 6 ಹೀಟರ್ ರಿಲೇ. ಬಹಳ ಜನ ಎಡವುವುದು 5, 6ರಲ್ಲಿ. ಅಲ್ಲಿಂದ ಕರೆಂಟ್ ಹೊರಗೆ ಬರುವುದಿಲ್ಲ, ಅದು ಬರಿ ಸ್ವಿಚ್. ಹೀಟರ್‌ನ ಫೇಸ್ ತಂತಿಯನ್ನು ಅದರ ಮೂಲಕ ಹಾಯಿಸಬೇಕು. ಕೈಪಳಗದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ. ಅದರ ಸೆಟ್ಟಿಂಗ್‌ಗಳಲ್ಲಿ, ಬಾಲ್ ಪೈಥಾನ್‌ಗಾದರೆ, ಎಫ್1ರಲ್ಲಿ (ಬೇಕಾದ ಬಿಸಿ) 32, ಎಫ್2ರಲ್ಲಿ (ಎಷ್ಟು ಇಳಿದರೆ ಹತ್ತಬೇಕು) 1 ಇಡಿ: 31ಕ್ಕೆ ಇಳಿದಾಗ ಹೀಟರ್ ಹತ್ತುತ್ತದೆ, 32ಕ್ಕೆ ಆರುತ್ತದೆ. ಎಫ್3 ಫ್ರಿಜ್ ಕಂಪ್ರೆಸರ್‌ಗಾಗಿ ಇರುವುದು, ಮುಟ್ಟಬೇಡಿ. ಮ್ಯಾಟ್‌ಗೂ ಸೆರಾಮಿಕ್‌ಗೂ ಬೇರೆ ಬೇರೆ ಥರ್ಮೋಸ್ಟಾಟ್ ಇರಬೇಕು.

ಸೆನ್ಸರ್ ಎಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮ್ಯಾಟ್‌ನ ಸೆನ್ಸರನ್ನು ಮ್ಯಾಟ್‌ಗೂ ಗಾಜಿಗೂ ನಡುವೆ, ಮ್ಯಾಟಿನ ಮಧ್ಯಕ್ಕೆ, ಶಾಖ ತಡೆಯುವ ಟೇಪಿನಿಂದ ಬಿಗಿಯಾಗಿ ಕೂರಿಸಿ. ಒಳಗಿನ ನೆಲ ಒಂದೆರಡು ಡಿಗ್ರಿ ಕಡಿಮೆ ಬಂದರೆ ಅಷ್ಟು ಏರಿಸಿಕೊಳ್ಳಿ. ಸೆರಾಮಿಕ್‌ನದು ಬಿಸಿ ಬದಿಯಲ್ಲಿ, ಹಾವಿನ ಬೆನ್ನಿನ ಎತ್ತರಕ್ಕೆ. ಸೆನ್ಸರ್ ಒಳಗೆ ಸಡಿಲವಾಗಿ ಬಿದ್ದಿದ್ದರೆ ಹಾವು ಮೂತಿಯಿಂದ ತಳ್ಳಿ ನೀರಿನ ಬಟ್ಟಲಿಗೆ ಬೀಳಿಸುತ್ತದೆ. ಸೆನ್ಸರ್ 22 ಡಿಗ್ರಿ ತೋರಿಸುತ್ತದೆ, ಹೀಟರ್ ಆರುವುದೇ ಇಲ್ಲ. ಅದಕ್ಕೇ ಥರ್ಮೋಸ್ಟಾಟ್ ಹೊರತಾಗಿ ಎರಡೂ ಬದಿಗೆ ಒಂದೊಂದು ಡಿಜಿಟಲ್ ಥರ್ಮಾಮೀಟರ್ ಇಡಬೇಕು. ಕೈ ಇಟ್ಟು ನೋಡುವುದು ಲೆಕ್ಕಕ್ಕೆ ಬಾರದು: ನಮ್ಮ ಅಂಗೈ ಚರ್ಮವೇ 32ರ ಆಸುಪಾಸು ಇರುವುದರಿಂದ ಸರಿಯಾದ ಬಿಸಿ ಕೈಗೆ ಗೊತ್ತೇ ಆಗುವುದಿಲ್ಲ. ಕೈಗೆ ಬಿಸಿ ಅನ್ನಿಸಿತು ಎಂದರೆ ಆಗಲೇ ಹೆಚ್ಚಾಗಿದೆ.

ಎಸ್ಟೇಟ್ ಕಡೆ ಇನ್ನೊಂದು ತೊಂದರೆ ವೋಲ್ಟೇಜ್. 230 ಇರಬೇಕಾದದ್ದು ಸಂಜೆ 180ಕ್ಕೆ ಇಳಿದರೆ 100 ವಾಟ್‌ನ ಹೀಟರ್ 61 ವಾಟ್ ಮಾತ್ರ ಕೊಡುತ್ತದೆ. ಹೀಟರ್ ಬೆಚ್ಚಗಿದ್ದೂ ಪೆಟ್ಟಿಗೆ ಏರದಿದ್ದರೆ ಮೊದಲು ಇದನ್ನು ಪರೀಕ್ಷಿಸಿ. ಅಂಥ ಕಡೆ 150 ವಾಟ್ ಹಾಕಿ, ಥರ್ಮೋಸ್ಟಾಟ್ ನೋಡಿಕೊಳ್ಳುತ್ತದೆ.

ಅರಸೀಕೆರೆ, ಕಡೂರಿನವರಿಗೆ ಏಪ್ರಿಲ್‌ನಲ್ಲಿ ತಿರುಗುಮುರುಗು. ಕೋಣೆಯೇ 35 ಮುಟ್ಟಿದರೆ ಥರ್ಮೋಸ್ಟಾಟ್ ಹೀಟರ್ ಆರಿಸಬಲ್ಲದು, ತಂಪು ಮಾಡಲಾರದು. ಥರ್ಮೊಕೋಲ್ ತೆಗೆದು, ಪೆಟ್ಟಿಗೆಯನ್ನು ಮನೆಯ ತಂಪು ಕೋಣೆಗೆ ಸಾಗಿಸಿ.

ಮಳೆಗಾಲದ್ದು ಬೇರೆಯೇ ಚಿಂತೆ. ಆರಿದ್ರಾ, ಪುನರ್ವಸು ಮಳೆಯಲ್ಲಿ ಪೆಟ್ಟಿಗೆಗೆ ನೀರು ಚಿಮುಕಿಸುವ ಅಗತ್ಯವೇ ಇಲ್ಲ. ಒದ್ದೆ ಮತ್ತು ಥಂಡಿ ಸೇರಿದರೆ ಶ್ವಾಸಕೋಶದ ಸೋಂಕು ಬರುತ್ತದೆ: ಉಸಿರಿನಲ್ಲಿ ಸಿಳ್ಳೆ, ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ತಲೆ ಮೇಲೆತ್ತಿ ಕೂರುವುದು. ಇದು ಕಂಡ ದಿನವೇ ಪಶುವೈದ್ಯರ ಬಳಿ ಹೋಗಿ.

ಮರ ಬಿದ್ದು ಕರೆಂಟ್ ಎರಡು ದಿನ ಇಲ್ಲದಿದ್ದರೆ? 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್, ಬೇರೆ ಲೋಡ್ ಇಲ್ಲದೆ, ಸೆರಾಮಿಕ್ ಹೀಟರನ್ನು ಸುಮಾರು 15 ಗಂಟೆ ಎಳೆಯುತ್ತದೆ. ಆಮೇಲೆ ಬಚ್ಚಲ ಹಂಡೆಯ ನೀರೇ ಗತಿ, ಅದು ಸಣ್ಣ ಗತಿಯೇನಲ್ಲ. 70 ಡಿಗ್ರಿಯ ಎರಡು ಲೀಟರ್ ನೀರು 30ಕ್ಕೆ ತಣಿಯುವಷ್ಟರಲ್ಲಿ 90 ವಾಟ್-ಅವರ್‌ನಷ್ಟು ಶಾಖ ಬಿಡುತ್ತದೆ. ರಬ್ಬರ್ ಚೀಲಕ್ಕೆ ತುಂಬಿ, ಟವೆಲ್ ಸುತ್ತಿ, ಟ್ಯಾಂಕಿನ ಹೊರಗೆ ಬಿಸಿ ಬದಿಯ ಗಾಜಿಗೆ ಒರಗಿಸಿ, ಮೇಲೆ ಕಂಬಳಿ ಹೊದಿಸಿ. ಗಾಳಿಗೆ ಒಂದು ಮೂಲೆ ಬಿಡಿ. ಎರಡು ಗಂಟೆಗೊಮ್ಮೆ ಬದಲಿಸಿ. ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಗೆ ತರಲೇಬೇಡಿ. ಅದರ ಹೊಗೆಯಿಲ್ಲದ ವಿಷಗಾಳಿ ಹಾವಿಗೂ ನಿಮಗೂ ಒಂದೇ.

ಆ ದಿನಗಳಲ್ಲಿ ಇಲಿ ಕೊಡಬೇಡಿ. ಬಿಸಿ ಸಾಲದೆ ಹೊಟ್ಟೆಯೊಳಗೆ ಅದು ಜೀರ್ಣವಾಗುವ ಬದಲು ಕೊಳೆಯುತ್ತದೆ, ಹಾವು ಕಾರಿಕೊಳ್ಳುತ್ತದೆ. ಬಲಿತ ಹಾವು ವಾರಗಟ್ಟಲೆ ಉಪವಾಸ ಇರಬಲ್ಲದು. ಕಾರಿಕೊಂಡಿದ್ದರೆ 10ರಿಂದ 14 ದಿನ ಬಿಟ್ಟು ಮೊದಲಿಗಿಂತ ಸಣ್ಣ ಇಲಿ ಕೊಡಿ. ಕಾರದಿದ್ದರೂ ಕರೆಂಟ್ ಬಂದ ಕೂಡಲೇ ಕೊಡಬೇಡಿ. ಬಿಸಿ ಬದಿ ಎರಡು ದಿನ ಬಿಡದೆ ಗುರಿಯ ಬಿಸಿಯಲ್ಲಿ ನಿಂತ ಮೇಲೆ ಕೊಡಿ.