ಮದುವೆ ಗಂಡಿನ ಹಣೆ ಮೇಲೆ ನಾನು ಮಾಡಿದ ಎಡವಟ್ಟು

ತುಮಕೂರಿನಲ್ಲಿ ನನ್ನದೊಂದು ಚಿಕ್ಕ ಕಟಿಂಗ್ ಶಾಪ್ ಇದೆ. ಎರಡೇ ಕುರ್ಚಿ. ಮಂಗಳವಾರ ರಜೆ, ಭಾನುವಾರ ಊಟಕ್ಕೂ ಪುರುಸೊತ್ತಿಲ್ಲ. ಈ ಕೆಲಸಕ್ಕೆ ಬಂದು ಹದಿನೇಳು ವರ್ಷ ಆಯಿತು. ಮೊದಲ ಐದು ವರ್ಷ ದೊಡ್ಡಪ್ಪನ ಅಂಗಡಿಯಲ್ಲಿದ್ದೆ. ಅಲ್ಲಿ ನಾನು ಮಾಡಿದ ಒಂದು ತಪ್ಪನ್ನೇ ಹೋದ ವಾರ ನನ್ನ ಅಂಗಡಿ ಹುಡುಗ ಮಾಡುವುದರಲ್ಲಿದ್ದ. ಬ್ಲೇಡ್ ಹಣೆ ಹತ್ತಿರ ಹೋಗಿತ್ತು. ಕೂಗಿ ನಿಲ್ಲಿಸಿದೆ.

ಕೆಲವರಿಗೆ ಹಣೆಯ ನಡುವೆ ಕೂದಲು ಚೂಪಾಗಿ ಕೆಳಗಿಳಿದಿರುತ್ತದೆ. ಎರಡು ಮೂಲೆಯಲ್ಲಿ ಗೆರೆ ಮೇಲೆ ಹೋಗಿ, ನಡುವೆ ಇಂಗ್ಲಿಷ್ ವೀ ಅಕ್ಷರ ಬರೆದ ಹಾಗೆ ಕಾಣುತ್ತದೆ. ಇಂಗ್ಲಿಷ್‌ನಲ್ಲಿ ಇದಕ್ಕೆ ವಿಡೋಸ್ ಪೀಕ್ ಅನ್ನುತ್ತಾರೆ. ಇಂಥ ಹಣೆ ಇರುವ ಹೆಂಗಸು ಬೇಗ ಗಂಡನನ್ನು ಕಳೆದುಕೊಳ್ಳುತ್ತಾಳೆ ಅಂತ ಅವರಲ್ಲಿ ಹಿಂದೆ ನಂಬಿಕೆ ಇತ್ತು, ಅದರಿಂದ ಬಂದ ಹೆಸರು. ಕೆಟ್ಟ ಹೆಸರು ಬಿಡಿ. ನಮ್ಮ ಅಂಗಡಿಯಲ್ಲಿ ಸುಮ್ನೆ ‘ಮೊನೆ’ ಅನ್ನುತ್ತೇವೆ.

ಆ ಮದುವೆ ಗಂಡಿಗೂ ಮೊನೆ ಇತ್ತು. ಗುರುವಾರ ಬಂದ. ಶುಕ್ರವಾರ ಅರಿಶಿನ ಶಾಸ್ತ್ರ, ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಮುಹೂರ್ತ. ಕಟಿಂಗ್ ಮುಗಿದ ಮೇಲೆ ಕನ್ನಡಿ ನೋಡಿಕೊಂಡು, "ಅಣ್ಣಾ, ಇದೊಂದು ತೆಗೆದುಬಿಟ್ರೆ ಹಣೆ ನೀಟಾಗಿ ಕಾಣಲ್ವಾ?" ಅಂದ. ದೊಡ್ಡಪ್ಪ ಟೀ ಕುಡಿಯಲು ಹೋಗಿದ್ದರು. ನನಗೆ ಆಗ ಇಪ್ಪತ್ತು ವರ್ಷ, ಕೈ ಬೇರೆ ತುರಿಸುತ್ತಿತ್ತು. ನೊರೆ ಹಚ್ಚಿದೆ, ಹೊಸ ಬ್ಲೇಡ್ ಹಾಕಿದೆ, ಒಂದು ರೂಪಾಯಿ ನಾಣ್ಯದಷ್ಟು ಜಾಗ ಬೋಳಿಸಿ ಗೆರೆ ನೇರ ಮಾಡಿದೆ. ಅವನು ಖುಷಿಯಾಗಿ ಐವತ್ತು ರೂಪಾಯಿ ಜಾಸ್ತಿ ಕೊಟ್ಟು ಹೋದ.

ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎರಡು ದಿನಕ್ಕೆ ಮುಕ್ಕಾಲು ಮಿಲಿಮೀಟರ್ ಹತ್ತಿರ. ಅಷ್ಟು ಸಾಕು. ಗಡ್ಡ ಆದರೆ ದಿನಾ ತೆಗೆಯುತ್ತೇವೆ. ಹಣೆ ಮೇಲೆ ಯಾರು ತೆಗೆಯುತ್ತಾರೆ? ಶನಿವಾರ ಸಂಜೆ ಸ್ಟೇಜ್ ಲೈಟು ಬಿದ್ದಾಗ ಆ ಜಾಗ ಕಪ್ಪು-ನೀಲಿಯಾಗಿ ಎದ್ದು ಕಂಡಿದೆ. ಬ್ಲೇಡ್ ಆಡಿಸಿದ ಚರ್ಮಕ್ಕೆ ಮಾರನೇ ದಿನವೇ ಅರಿಶಿನ ತಿಕ್ಕಿದ್ದರು, ಸಣ್ಣ ಗುಳ್ಳೆ ಬೇರೆ ಎದ್ದಿತ್ತಂತೆ. ಮೇಕಪ್ ಮಾಡುವವನು ಪೌಡರ್ ಮೆತ್ತಿ ಅದನ್ನು ಬೂದಿ ಬಣ್ಣ ಮಾಡಿಟ್ಟ. ಮುಹೂರ್ತದ ಹೊತ್ತಿಗೆ ಪೇಟ, ಬಾಸಿಂಗ ಬಂದು ಮಾನ ಉಳಿಸಿದವು. ಆದರೆ ಆರತಕ್ಷತೆ ಫೋಟೋ ಇನ್ನೂರಕ್ಕೂ ಜಾಸ್ತಿ ಇದ್ದವು. ಅವನ ತಮ್ಮ ಆಲ್ಬಮ್ ಹಿಡಿದುಕೊಂಡೇ ಅಂಗಡಿಗೆ ಬಂದ. "ನೋಡಿ ಅಣ್ಣಾ, ಹಣೆಗೆ ಮಸಿ ಹತ್ತಿದ ಹಾಗಿದೆ."

ಅಲ್ಲಿಗೂ ಮುಗಿಯಲಿಲ್ಲ. ಬೋಳಿಸಿದ ಕೂದಲು ಬೆಳೆಯುವಾಗ ಮಲಗುವುದಿಲ್ಲ, ಬ್ರಷ್ ತರ ನೆಟ್ಟಗೆ ನಿಲ್ಲುತ್ತದೆ. ಬಗ್ಗಿ ಉಳಿದ ಕೂದಲಿನ ಜೊತೆ ಸೇರಬೇಕಾದರೆ ಮೂರು ಸೆಂಟಿಮೀಟರ್ ಆದರೂ ಬೇಕು, ಅಂದರೆ ಮೂರು ತಿಂಗಳು. ಮದುವೆಯಾದ ಹೊಸದರಲ್ಲಿ ಮೂರು ತಿಂಗಳು ಆ ಮನುಷ್ಯ ಟೋಪಿ ಹಾಕಿಕೊಂಡು ಓಡಾಡಿದ. ಕೇಳಿದ್ದು ಅವನೇ, ನಿಜ. ಆದರೆ ಮೂರನೇ ದಿನ ಹೇಗೆ ಕಾಣುತ್ತದೆ ಅಂತ ಅವನಿಗೆ ಹೇಗೆ ಗೊತ್ತಿರಬೇಕು? ಅದನ್ನು ಹೇಳಬೇಕಾಗಿದ್ದು ನಾನು.

ದೊಡ್ಡಪ್ಪ ಬೈಯಲಿಲ್ಲ. ಹತ್ತು ದಿನ ಬಿಟ್ಟು, ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಿದ್ದ ಒಬ್ಬ ಗಿರಾಕಿಯನ್ನು ಕೂರಿಸಿಕೊಂಡು ನನ್ನನ್ನು ಕರೆದರು. "ಬೆರಳು ಆಡಿಸಿ ನೋಡು" ಅಂದರು. ಮುಡಿ ಕೊಟ್ಟು ಎರಡು ವಾರ ಆದ ತಲೆ ಇದೆಯಲ್ಲ, ಅದು ನಮ್ಮ ಕೆಲಸದವರಿಗೆ ನಕ್ಷೆ ಇದ್ದ ಹಾಗೆ. ನೆತ್ತಿಯ ಸುಳಿ ಎಲ್ಲಿದೆ, ಕೂದಲು ಯಾವ ಕಡೆ ಹೊರಟಿದೆ, ಎಲ್ಲ ಕಾಣುತ್ತದೆ. ಅವನಿಗೂ ಮೊನೆ ಇತ್ತು. ತಲೆ ತುಂಬ ಕೂದಲು ಮುಂದಕ್ಕೆ ಹೊರಟಿತ್ತು. ಮೊನೆಯ ಹತ್ತಿರ ಮಾತ್ರ ಎಡಕ್ಕೆ ತಿರುಗಿ ಮೇಲಕ್ಕೆ ಎದ್ದಿತ್ತು. ಬೆರಳಿಗೆ ಒರಟಾಗಿ ತಾಗುತ್ತಿತ್ತು. ಬೋಳಿಸಿಕೊಂಡರೂ ಗೆರೆ ಒಂದಿಷ್ಟೂ ಬದಲಾಗಿರಲಿಲ್ಲ. ಮುಡಿ ಕೊಟ್ಟರೆ ಕೂದಲು ದಟ್ಟ ಬರುತ್ತದೆ, ಗೆರೆ ಸರಿಹೋಗುತ್ತದೆ ಅಂತ ಇವತ್ತಿಗೂ ಹೇಳುವವರಿದ್ದಾರೆ. ಹಾಗೇನೂ ಇಲ್ಲ.

ಆವತ್ತಿನಿಂದ ಮೊನೆ ಇರುವವರು ಬಂದರೆ ಮೊದಲು ತಲೆ ತೊಳೆಯುತ್ತೇನೆ. ನಮ್ಮ ಕಡೆ ಅರ್ಧ ಜನ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಬರುತ್ತಾರೆ. ಎಣ್ಣೆ ತಲೆಯಲ್ಲಿ ಕೂದಲು ಸುಳ್ಳು ಹೇಳುತ್ತದೆ, ಬಾಚಿದ ಕಡೆ ಅಂಟಿಕೊಂಡಿರುತ್ತದೆ. ತೊಳೆದು, ಟವೆಲ್‌ನಲ್ಲಿ ಒರೆಸಿ, ಬಾಚದೆ ಎರಡು ನಿಮಿಷ ಬಿಟ್ಟರೆ ಮೊನೆ ತನ್ನ ದಾರಿ ತಾನೇ ತೋರಿಸುತ್ತದೆ. ಎಡಕ್ಕೋ, ಬಲಕ್ಕೋ, ಮೇಲಕ್ಕೋ. ಆಮೇಲೆ ಕತ್ತರಿ.

ಮೇಲಕ್ಕೆ ಎದ್ದಿದ್ದು ಕೂದಲು ದಟ್ಟ ಇದ್ದರೆ ನಾನು ಹಿಂದಕ್ಕೇ ಬಾಚಿಸುತ್ತೇನೆ. ಮುಂದೆ ಮೂರರಿಂದ ನಾಲ್ಕು ಇಂಚು ಬಿಟ್ಟು, ಪಕ್ಕದಲ್ಲಿ ಕಡಿಮೆ ಮಾಡಿದರೆ ಮೊನೆ ಎದ್ದು ಕಾಣುತ್ತದೆ. ಕಾಣಲಿ ಬಿಡಿ. ಹಾಲಿವುಡ್‌ನ ಲಿಯೊನಾರ್ಡೊ ಡಿಕಾಪ್ರಿಯೊಗೂ ಮೊನೆ ಇದೆ, ಅವನು ಹಿಂದಕ್ಕೆ ಬಾಚಿಕೊಂಡೇ ಎಷ್ಟೋ ಸಲ ಕಾಣಿಸಿಕೊಂಡಿದ್ದಾನೆ. ಕಾಲೇಜು ಹುಡುಗರು ಒಪ್ಪದಿದ್ದರೆ ಫೋನ್‌ನಲ್ಲಿ ಅವನ ಫೋಟೋ ತೆಗೆದು ತೋರಿಸುತ್ತೇನೆ. ನೂರು ಮಾತು ಉಳಿಯುತ್ತದೆ.

ಒಂದು ಕಡೆ ತಿರುಗಿದ್ದರೆ ಸೈಡ್ ಬೈತಲೆ. ಇದು ಆಫೀಸಿಗೆ ಹೋಗುವವರಿಗೆ ಹೇಳಿ ಮಾಡಿಸಿದ್ದು. ಒಂದೇ ಎಚ್ಚರ, ಬೈತಲೆ ಮೊನೆಯ ಮೇಲೆ ಬೀಳಬಾರದು. ಹಣೆಯ ಮೂಲೆಯಿಂದ ಶುರುವಾಗಿ, ಮೊನೆ ತಿರುಗಿದ ಕಡೆಗೇ ಕೂದಲು ಹೊರಳಬೇಕು. ಎದುರು ದಿಕ್ಕಿಗೆ ಬಾಚಿದರೆ ಹತ್ತು ಗಂಟೆಗೆ ಸರಿ ಇರುತ್ತದೆ, ಊಟದ ಹೊತ್ತಿಗೆ ಕೋಳಿ ಜುಟ್ಟು ಎದ್ದಿರುತ್ತದೆ.

ಈಗಿನ ಹುಡುಗರದು ಇನ್ನೊಂದು ಕಥೆ. ಎಲ್ಲರಿಗೂ ಕೊರಿಯನ್ ಕಟ್ ಬೇಕು. ನಡುವೆ ಬೈತಲೆ, ಎರಡು ಕಡೆ ಪರದೆ ಇಳಿಬಿಟ್ಟ ಹಾಗೆ ಕೂದಲು. ಮೊನೆ ಸರಿಯಾಗಿ ನಡುವೆಯೇ ಇದ್ದು, ಕೂದಲು ಮೆತ್ತಗೆ ಐದಾರು ಇಂಚು ಬೆಳೆದಿದ್ದರೆ ಚೆನ್ನಾಗಿಯೇ ಕೂರುತ್ತದೆ. ಒರಟು ಕೂದಲಿಗೆ ಬೇಡ ಅನ್ನುತ್ತೇನೆ. ಕೇಳುವುದಿಲ್ಲ. ಎರಡು ವಾರಕ್ಕೆ ಬಂದು "ಅಣ್ಣಾ, ಶಾರ್ಟ್ ಮಾಡಿಬಿಡಿ" ಅನ್ನುತ್ತಾರೆ.

ಮೊನೆ ಮುಚ್ಚಲೇಬೇಕು ಅನ್ನುವವರಿಗೆ ಮುಂದೆ ಹಣೆ ಮೇಲೆ ಕೂದಲು ಬಿಡಬಹುದು. ಕತ್ತರಿಸುವುದು ಒಣ ಕೂದಲಿನಲ್ಲೇ. ಒದ್ದೆಯಲ್ಲಿ ಅಳತೆ ನೋಡಿ ಕತ್ತರಿಸಿದರೆ, ಒಣಗಿದ ಮೇಲೆ ನಡುವಿನ ಕೂದಲು ಮೇಲಕ್ಕೆ ಎಳೆದುಕೊಂಡು ಬಾಗಿಲು ತೆರೆದ ಹಾಗೆ ಸಂದು ಬೀಳುತ್ತದೆ. ಅದಕ್ಕೆ ನಡುವೆ ಅರ್ಧ ಇಂಚು ಉದ್ದ ಜಾಸ್ತಿ ಬಿಟ್ಟು, ಕತ್ತರಿಯನ್ನು ನೆಟ್ಟಗೆ ಹಿಡಿದು ತುದಿಯಲ್ಲಷ್ಟೇ ಕಚ್ಚಿಸಬೇಕು. ನೇರ ಗೆರೆ ಎಳೆದ ಹಾಗೆ ಕತ್ತರಿಸಿದರೆ ಮುಗಿಯಿತು. ಮತ್ತೆ ನಾನು ತಪ್ಪದೆ ಕೇಳುವ ಪ್ರಶ್ನೆ: "ಬೈಕಲ್ಲಿ ಓಡಾಡ್ತೀರಾ?" ದಿನಾ ಒಂದು ಗಂಟೆ ಹೆಲ್ಮೆಟ್ ಹಾಕುವವರಿಗೆ ಈ ಕಟ್ ಬೇಡ. ಬೆವರಿಗೆ ಕೂದಲು ಹಣೆಗೆ ಅಂಟಿ, ನಡುವೆ ಮೊನೆ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ಅಂಥವರಿಗೆ ಮೇಲೆ ಮಷೀನ್‌ನಲ್ಲಿ ನಾಲ್ಕನೇ ನಂಬರ್, ಪಕ್ಕಕ್ಕೆ ಎರಡು. ಅಂದರೆ ಹದಿಮೂರು ಮಿಲಿಮೀಟರ್, ಆರು ಮಿಲಿಮೀಟರ್. ಕೂದಲಿನ ಉದ್ದ ಕಡಿಮೆಯಾದಷ್ಟೂ ಹಣೆಗೂ ಕೂದಲಿಗೂ ವ್ಯತ್ಯಾಸ ಕಡಿಮೆ ಕಾಣುತ್ತದೆ. ಜೆಲ್ ಮಾತ್ರ ಯಾರಿಗೂ ಕೊಡುವುದಿಲ್ಲ, ಕೂದಲು ಗುಂಪು ಗುಂಪಾಗಿ ನಿಂತು ಮೂಲೆಗಳಲ್ಲಿ ಬುರುಡೆ ತೋರಿಸುತ್ತದೆ. ಹೊಳಪಿಲ್ಲದ ವ್ಯಾಕ್ಸ್, ಕಡಲೆಕಾಳಿನಷ್ಟು ಸಾಕು.

ಇಲ್ಲಿ ಇನ್ನೊಂದು ವಿಷಯ. ಇಪ್ಪತ್ತೈದು ದಾಟಿದವರು "ನಂಗೆ ಹುಟ್ಟಿನಿಂದ ಹೀಗೇ" ಅಂದರೆ ನಾನು ಹಳೇ ಫೋಟೋ ಕೇಳುತ್ತೇನೆ. ಆಧಾರ್ ಕಾರ್ಡ್ ಫೋಟೋ ಉಪಯೋಗಕ್ಕೆ ಬರುವುದು ಆವಾಗಲೇ. ಅದರಲ್ಲಿ ಮೂಲೆಗಳು ತುಂಬಿದ್ದು ಈಗ ಖಾಲಿಯಾಗಿದ್ದರೆ ಅದು ಮೊನೆ ಅಲ್ಲ, ಕೂದಲು ಹಿಂದೆ ಸರಿಯುತ್ತಿದೆ. ಚರ್ಮದ ಡಾಕ್ಟರೊಬ್ಬರು ನಮ್ಮ ಗಿರಾಕಿ. ಅವರು ಒಮ್ಮೆ ನಾರ್ವುಡ್ ಅನ್ನುವವರು 1975ರಲ್ಲಿ ತಿದ್ದಿದ ಚಾರ್ಟ್ ತೋರಿಸಿದರು. ಗಂಡಸರ ತಲೆ ಬೋಳಾಗುವುದನ್ನು ಏಳು ಹಂತ ಮಾಡಿದ್ದಾರೆ. ಎರಡು, ಮೂರನೇ ಹಂತ ನೋಡಿದರೆ ಥೇಟ್ ಮೊನೆ ಇದ್ದ ಹಾಗೇ. ಅಂಥವರಿಗೆ ಹಿಂದಕ್ಕೆ ಬಾಚಿಸಿದರೆ ಮೂಲೆಗಳೇ ಎದ್ದು ಕಾಣುತ್ತವೆ, ಅದಕ್ಕೆ ಮೇಲೆ ಗಿಡ್ಡ ಮಾಡಿ, ಗಡ್ಡ ಸ್ವಲ್ಪ ಬಿಡಿಸಿ, ಡಾಕ್ಟರ್ ಹತ್ತಿರ ಹೋಗಿ ಬನ್ನಿ ಅನ್ನುತ್ತೇನೆ. ನಾನೇ ಎಣ್ಣೆ, ಲೋಷನ್ ಮಾರುವುದಿಲ್ಲ. ಮಾರಿದ್ದರೆ ಮೂರನೇ ಕುರ್ಚಿ ಬಂದಿರುತ್ತಿತ್ತೋ ಏನೋ.

ಇಷ್ಟೆಲ್ಲ ಹೇಳಿದ ಮೇಲೂ "ತೆಗೆದೇಬಿಡಿ" ಅನ್ನುವವರೂ ಇದ್ದಾರೆ. ಒಬ್ಬರು ಬ್ಯಾಂಕ್‌ನಲ್ಲಿ ಕೆಲಸ ಮಾಡುತ್ತಾರೆ. ಮದುವೆ ಗಂಡಿನ ಕಥೆ ಪೂರ್ತಿ ಹೇಳಿದೆ. ನಕ್ಕರು, ಆದರೂ ಬೇಕು ಅಂದರು. ಅವರ ತಲೆ, ಅವರ ಇಷ್ಟ. ಈಗ ಬುಧವಾರ ಒಂದು ಸಲ, ಶನಿವಾರ ಒಂದು ಸಲ ಬರುತ್ತಾರೆ. ಎರಡು ನಿಮಿಷದ ಕೆಲಸ, ಇಪ್ಪತ್ತು ರೂಪಾಯಿ. ಮಧ್ಯೆ ಹಬ್ಬ ಬಂದು ನಾನು ಊರಿಗೆ ಹೋದರೆ ಮಾತ್ರ ಫೋನ್ ಬರುತ್ತದೆ. "ಯಾವಾಗ ಬಾಗಿಲು ತೆಗೀತೀರಾ?"